ಆ ಕಿಟ್‌ನೊಳಗಿನ ಬೇಳೆ ಯಾವ ಹೊಲದ್ದು?

ಆಹಾರ ಇಲಾಖೆ ಮತ್ತು ಕೃಷಿ ಮಾರುಕಟ್ಟೆ ಇಲಾಖೆಯ ಸಚಿವರಿಗೆ, ಅಧಿಕಾರಿಗಳಿಗೆ ಭೀಮಾ ತೀರದಿಂದ ಒಂದು ಬಹಿರಂಗ ಪತ್ರ

ನವೆಂಬರ್ 2025

ಮಾನ್ಯರೇ,

ನಾನು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನವಳು. ನಮಗೆ ನಾಲ್ಕು ಎಕರೆ ಎರೆ ಹೊಲ ಇದೆ. ಮಳೆ ನಂಬಿದ ಬೇಸಾಯ. ಅದರ ಜೊತೆಗೆ ಊರಿನ ಹನ್ನೊಂದು ಹೆಂಗಸರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೇವೆ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತೇವೆ. ಬಿತ್ತುವುದೂ ನಾವೇ, ರಾಶಿ ಮಾಡುವುದೂ ನಾವೇ, ಸಂತೆಗೆ ಬುಟ್ಟಿ ಹೊತ್ತು ಹೋಗುವುದೂ ನಾವೇ. ತಿಂಗಳಿಗೊಮ್ಮೆ ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಲ್ಲುವುದೂ ನಾವೇ. ಅದಕ್ಕೇ ಈ ಪತ್ರವನ್ನು ನಿಮ್ಮ ಎರಡೂ ಇಲಾಖೆಗೆ ಒಟ್ಟಿಗೆ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಊಟಕ್ಕೆ ಒಂದು ಇಲಾಖೆ, ಮಾರಾಟಕ್ಕೆ ಇನ್ನೊಂದು ಇಲಾಖೆ ಇರಬಹುದು. ನಮ್ಮ ಮನೆಯಲ್ಲಿ ಎರಡೂ ಒಂದೇ ಚೀಲದಲ್ಲಿ ಇರುತ್ತವೆ.

ಹೋದ ತಿಂಗಳು ಸಂಪುಟ ಒಂದು ತೀರ್ಮಾನ ಮಾಡಿತು. ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್ ಕೊಡುವುದು, ಅದರಲ್ಲಿ ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಮುಂತಾದವು ಇರುತ್ತವೆ ಎಂದು. ಸುದ್ದಿ ಓದಿ ನನಗೆ ನಿಜವಾಗಿ ಖುಷಿಯಾಯಿತು. ಅನ್ನದ ಮೇಲೆ ಸುರಿದುಕೊಳ್ಳಲು ಬೇಳೆ ಇಲ್ಲದೆ ಬರೀ ಖಾರ ಕಲಸಿ ಉಣ್ಣುವ ಮನೆಗಳನ್ನು ನಾನು ನೋಡಿದ್ದೇನೆ. ತೊಗರಿ ಬೆಳೆಯುವ ಊರಿನಲ್ಲೇ ನೋಡಿದ್ದೇನೆ. ತೊಗರಿ ರಾಶಿಗೆ ಕೂಲಿ ಹೋಗಿ ಬಂದವರ ಮನೆಯಲ್ಲೇ ನೋಡಿದ್ದೇನೆ. 2024ರಲ್ಲಿ ಅಂಗಡಿ ಬೇಳೆ ಕೆಜಿಗೆ 150 ರೂಪಾಯಿ ದಾಟಿದಾಗ ಅವರು ಬೇಳೆ ಕೊಳ್ಳುವುದನ್ನೇ ಬಿಟ್ಟಿದ್ದರು.

ಹಾಗಾಗಿ ಕಿಟ್ ಬರಲಿ. ಆದರೆ ನನ್ನದೊಂದು ಪ್ರಶ್ನೆ ಇದೆ. ಆ ಬೇಳೆ ಎಲ್ಲಿಂದ ಬರುತ್ತದೆ?

ಸ್ವಲ್ಪ ಲೆಕ್ಕ ಹಾಕೋಣ. ರಾಜ್ಯದಲ್ಲಿ ಬಡವರ ರೇಷನ್ ಕಾರ್ಡ್ ಒಂದು ಕೋಟಿಗೂ ಜಾಸ್ತಿ ಇವೆ. ಕಾರ್ಡಿಗೆ ತಿಂಗಳಿಗೆ ಒಂದೇ ಕೆಜಿ ಬೇಳೆ ಅಂತ ಹಿಡಿದರೂ ತಿಂಗಳಿಗೆ ಒಂದು ಲಕ್ಷ ಕ್ವಿಂಟಲ್ ಬೇಕು. ವರ್ಷಕ್ಕೆ 12 ಲಕ್ಷ ಕ್ವಿಂಟಲ್. ಒಂದು ಕ್ವಿಂಟಲ್ ತೊಗರಿ ಒಡೆದರೆ 70ರಿಂದ 75 ಕೆಜಿ ಬೇಳೆ ಸಿಗುತ್ತದೆ. ಅಂದರೆ 16 ಲಕ್ಷ ಕ್ವಿಂಟಲ್ ತೊಗರಿ ಬೇಕೇ ಬೇಕು. ನಮ್ಮ ತೊಗರಿಗೆ ಇದು ಬಹಳ ದೊಡ್ಡ ಗಿರಾಕಿ. ಸುಗ್ಗಿಯಲ್ಲಿ ಬಂದು ಹೋಗುವ ಗಿರಾಕಿಯೂ ಅಲ್ಲ, ಹನ್ನೆರಡು ತಿಂಗಳೂ ಇರುವ ಗಿರಾಕಿ. ಕಲಬುರಗಿ ಜಿಲ್ಲೆ ಒಂದರಲ್ಲೇ 5 ಲಕ್ಷ ಹೆಕ್ಟೇರ್‌ಗೂ ಮೇಲೆ ತೊಗರಿ ಬಿತ್ತುತ್ತೇವೆ. ಯಾದಗಿರಿ, ಬೀದರ್, ರಾಯಚೂರು, ವಿಜಯಪುರದಲ್ಲೂ ತೊಗರಿ ಇದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಈ ನೆಲದ್ದೇ ವಿಶೇಷ ಬೆಳೆ ಎಂಬ ಗುರುತು ಕೂಡ ಸಿಕ್ಕಿದೆ. ಎಲ್ಲರೂ ತೊಗರಿ ಕಣಜ ಅಂತ ಕರೆಯುತ್ತಾರೆ. ಕಣಜದ ಪಕ್ಕದ ಮನೆಗೆ ಬರುವ ಬೇಳೆ ಮಾತ್ರ ಯಾರದೋ ಟೆಂಡರಿನಲ್ಲಿ, ಎಲ್ಲಿಂದಲೋ ಬರಬಾರದು ಅಲ್ವಾ?

ಬರುವ ಸಾಧ್ಯತೆ ಇದೆ, ಅದಕ್ಕೇ ಹೇಳುತ್ತಿದ್ದೇನೆ. 2021ರ ಮೇ ತಿಂಗಳಿಂದ ಹೊರದೇಶದ ತೊಗರಿಗೆ ಬಾಗಿಲು ತೆರೆದೇ ಇದೆ. ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ನಿಂದ ಹಡಗಿನಲ್ಲಿ ಬರುತ್ತದೆ. ಸುಂಕ ಇಲ್ಲದ ಆಮದನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸಿದ್ದಾರೆ. ಅದು ಕೇಂದ್ರದ ತೀರ್ಮಾನ, ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆಫ್ರಿಕಾದ ಆ ರೈತರೂ ನಮ್ಮಂಥವರೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಟೆಂಡರಿನಲ್ಲಿ ಕಡಿಮೆ ದರ ಹಾಕಿದವರಿಗೆ ಕೊಡುತ್ತೇವೆ ಎಂದು ಬರೆದರೆ ಬಂದರಿನ ಹತ್ತಿರದ ದೊಡ್ಡ ವ್ಯಾಪಾರಿ ಗೆಲ್ಲುತ್ತಾನೆ. ಟೆಂಡರ್ ಷರತ್ತು ಬರೆಯುವ ಪೆನ್ನು ಮಾತ್ರ ನಿಮ್ಮ ಕೈಯಲ್ಲೇ ಇದೆ.

ಈಗ ನಮ್ಮ ಕಡೆಯ ಮಾತು.

ಹೋದ ಮೂರ್ನಾಲ್ಕು ವರ್ಷ ನಮ್ಮ ಹೊಲ ಕಂಡದ್ದನ್ನು ಹೇಳಿಬಿಡುತ್ತೇನೆ. 2022ರಲ್ಲಿ ನೆಟೆ ರೋಗ. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ಬೆಳಿಗ್ಗೆ ಹಸಿರಾಗಿ ಕಂಡ ಸಾಲು ವಾರದಲ್ಲಿ ಬರೀ ಕಟ್ಟಿಗೆ. ಬುಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ. ನಮ್ಮ ಮಾವ ಒಂದು ಗಿಡ ಕಿತ್ತು ತಂದು ಪಡಸಾಲೆಯಲ್ಲಿಟ್ಟು ಏನೂ ಮಾತಾಡದೆ ಕೂತಿದ್ದರು. ಸರ್ಕಾರ 223 ಕೋಟಿ ರೂಪಾಯಿ ಪ್ಯಾಕೇಜ್ ಕೊಟ್ಟಿತು. ಹೆಕ್ಟೇರಿಗೆ 10,000, ಎರಡು ಹೆಕ್ಟೇರ್‌ವರೆಗೆ. ಕೊಟ್ಟದ್ದಕ್ಕೆ ಋಣಿ. ಮರುವರ್ಷ ಬರ. 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಆಗ ತೊಗರಿ ದರ ಕ್ವಿಂಟಲ್‌ಗೆ 10,000 ದಾಟಿತು. ಆದರೆ ಮಾರಲು ಯಾರ ಮನೆಯಲ್ಲಿ ತೊಗರಿ ಇತ್ತು? ಅದರ ಮುಂದಿನ ವರ್ಷ ಬೆಳೆ ಬಂತು, ದರ ಬಿತ್ತು. 2025ರ ಆರಂಭದಲ್ಲಿ 7,000ದ ಆಸುಪಾಸಿಗೆ ಬಂದು ನಿಂತಿತು. ಬೆಂಬಲ ಬೆಲೆ 7,550 ಇತ್ತು, ರಾಜ್ಯ ಸರ್ಕಾರ ಮೇಲೆ 450 ಸೇರಿಸಿ 8,000 ಮಾಡಿತು. ಒಳ್ಳೆಯ ಕೆಲಸವೇ. ಆದರೆ ಅಷ್ಟರಲ್ಲಿ ನಮ್ಮಂಥ ಎಷ್ಟೋ ಜನ ಮಾರಿ ಆಗಿತ್ತು. ಈ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಭೀಮೆ ತುಂಬಿ ಬಂದಳು. ನಮ್ಮ ಕೆಳಗಿನ ಎರಡು ಎಕರೆ ಆರು ದಿನ ನೀರಿನಲ್ಲಿ ನಿಂತಿತ್ತು. ತೊಗರಿಯ ಬೇರಿಗೆ ನೀರು ನಿಂತರೆ ಆಗದು. ಪರಿಹಾರದ ಮೇಲೆ ಹೆಕ್ಟೇರಿಗೆ ಇನ್ನೂ 8,500 ಕೊಡುವುದಾಗಿ ಮುಖ್ಯಮಂತ್ರಿ ಹೇಳಿದ್ದಾರೆ.

ನಾಲ್ಕು ವರ್ಷದಲ್ಲಿ ರೋಗ, ಬರ, ದರ ಕುಸಿತ, ನೆರೆ. ಪ್ರತಿ ಸಲ ಪರಿಹಾರ ಬಂದಿದೆ. ಪ್ರತಿ ಸಲ ತಡವಾಗಿ ಬಂದಿದೆ, ಆದರೂ ಬಂದಿದೆ. ಆದರೆ ಪರಿಹಾರದ ಹಣ ಸಾಲದವನ ಕೈಗೆ ಹೋಗುತ್ತದೆ, ನಾವು ಮತ್ತೆ ಅದೇ ತೊಗರಿ ಬಿತ್ತುತ್ತೇವೆ. ಯಾಕೆಂದರೆ ಬೇರೆ ಏನು ಬಿತ್ತಿದರೂ ಕೊಳ್ಳುವವರಿಲ್ಲ.

ಇದು ಮೊದಲಿಂದ ಹೀಗಿರಲಿಲ್ಲ. ನಮ್ಮ ಅತ್ತೆಗೆ ಈಗ ಎಪ್ಪತ್ತೆಂಟು. ಅವರು ಮದುವೆಯಾಗಿ ಬಂದಾಗ ಇದೇ ಹೊಲದಲ್ಲಿ ತೊಗರಿ ಸಾಲಿನ ನಡುವೆ ಮುಂಗಾರಿ ಜೋಳ ಇರುತ್ತಿತ್ತಂತೆ. ಬದುವಿನ ಕಡೆ ಪುಂಡಿ. ನಡುವೆ ಹೆಸರು, ಅಲಸಂದಿ, ಎಳ್ಳು, ಗುರೆಳ್ಳು. ಹಿಂಗಾರಿಗೆ ಬಿಳಿ ಜೋಳದ ಜೊತೆ ಕುಸುಬಿ, ಕಡಲೆ, ಅಗಸಿ. ಅಕ್ಕಡಿ ಅಂತ ಕರೆಯುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ತೊಗರಿಯ ಜೊತೆ ಜೋಳ ಬೆಳೆದರೆ ನೆಟೆ ರೋಗ ಕಡಿಮೆ ಎಂದು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧಕರು ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಅತ್ತೆಗೆ ಆ ಸಂಸ್ಥೆಯ ಹೆಸರು ಗೊತ್ತಿಲ್ಲ. ಆದರೆ "ತೊಗರಿ ಒಂದನ್ನ ಹಾಕಬ್ಯಾಡ್ರಿ, ಹೊಲ ಮುನಿಸ್ಕೋತದ" ಅನ್ನುತ್ತಲೇ ಇದ್ದರು.

ಅವರ ಕಾಲದಲ್ಲಿ ಅಂಗಳದಲ್ಲಿ ಹಗೇವು ಇತ್ತು. ಈಗಿನ ಮಕ್ಕಳಿಗೆ ಆ ಶಬ್ದವೇ ಗೊತ್ತಿಲ್ಲ, ಹೇಳಿಬಿಡುತ್ತೇನೆ. ನೆಲದೊಳಗೆ ಆಳವಾದ ಗುಂಡಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ತಳಕ್ಕೂ ಗೋಡೆಗೂ ಒಣ ಹುಲ್ಲು ಹೊಂದಿಸಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಮೇಲೆ ಹುಲ್ಲು, ಕಲ್ಲುಚಪ್ಪಡಿ, ಮಣ್ಣು ಹಾಕಿ ಮುಚ್ಚುತ್ತಿದ್ದರು. ಗಾಳಿಯಾಡದ ಕಾರಣ ಹುಳ ಬೀಳುತ್ತಿರಲಿಲ್ಲ. ತೆಗೆಯುವ ದಿನ ಬಾಯಿ ಬಿಚ್ಚಿ ಸುಮಾರು ಹೊತ್ತು ಹಾಗೇ ಬಿಡಬೇಕು. ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಒಳಗೆ ಇಳಿಯಬಾರದು. ಹಗೇವಿಗೆ ಅವಸರದಲ್ಲಿ ಇಳಿದು ಸತ್ತವರ ಕತೆ ಊರೂರಲ್ಲೂ ಇದೆ. ನಮ್ಮದನ್ನು ಮುಚ್ಚಿ ಅದರ ಮೇಲೆ ಶೌಚಾಲಯ ಕಟ್ಟಿಸಿದ್ದೇವೆ. ಶೌಚಾಲಯ ಬೇಕಿತ್ತು, ಕಟ್ಟಿಸಿದ್ದಕ್ಕೆ ಬೇಸರವಿಲ್ಲ. ಬೇಸರ ಆಗುವುದು, ಇನ್ನು ತುಂಬಲು ಜೋಳ ಇಲ್ಲ, ಹಗೇವು ಬೇಕಾಗುವುದಿಲ್ಲ ಅಂತ ಆವತ್ತು ಮನೆಯಲ್ಲಿ ಎಲ್ಲರೂ ಒಪ್ಪಿಬಿಟ್ಟೆವಲ್ಲ, ಅದಕ್ಕೆ.

ಜೋಳ ಯಾಕೆ ಹೋಯಿತು? ರೇಷನ್ನಿನಲ್ಲಿ ಅಕ್ಕಿ ಬಂತು ಅಂತ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಅದು ಒಂದು ಕಾರಣ. ಆದರೆ 2013ರಲ್ಲಿ ಅನ್ನಭಾಗ್ಯ ಬಂದಾಗ ನಮ್ಮ ಊರಿನ ಕೂಲಿ ಮನೆಗಳಲ್ಲಿ ಮಕ್ಕಳು ಎರಡು ಹೊತ್ತು ಹೊಟ್ಟೆ ತುಂಬ ಉಂಡರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅನ್ನಭಾಗ್ಯವನ್ನು ಹೀಗಳೆಯುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಇನ್ನೊಂದು ಕಾರಣ ಮೈಮುರಿಯುವ ಕೆಲಸ. ಹಿಂಗಾರಿ ಜೋಳ ಕೀಳುವಾಗ ಅಂಗೈ ಬೊಬ್ಬೆ ಬರುತ್ತದೆ. ಹಕ್ಕಿ ಕಾಯಬೇಕು. ಆಮೇಲೆ ಬೀಸಬೇಕು, ನಾದಬೇಕು, ಬಡಿಯಬೇಕು. ಅಷ್ಟೂ ಹೆಂಗಸರ ಪಾಲು. ಮೂರನೆಯದು, ಮಾರಲು ಹೋದರೆ ನೆಟ್ಟಗೆ ಕೊಳ್ಳುವವರಿಲ್ಲ. ಜೋಳ ಹೋದ ಹಿಂದೆ ಕಣಿಕೆ, ಅಂದರೆ ದನ ತಿನ್ನುವ ಜೋಳದ ದಂಟು ಹೋಯಿತು. ಕಣಿಕೆ ಇಲ್ಲದೆ ಎತ್ತು, ಆಕಳು ಹೋದವು. ದನ ಇಲ್ಲದ ಮೇಲೆ ಹೊಲಕ್ಕೆ ಗೊಬ್ಬರ ಎಲ್ಲಿಂದ? ಎಲ್ಲಾ ಹೋದ ಮೇಲೆ ನೆಟೆ ಬಂತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಇದೆಲ್ಲ ನಮಗೆ ಒಟ್ಟಿಗೇ ಕಂಡಿತು. ಸಂತೆ ಬಂದ್. ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋದವರು ಲಾರಿಯಲ್ಲಿ, ನಡೆದುಕೊಂಡು ಊರಿಗೆ ಬಂದರು. ಬಂದವರು ಶಾಲೆಯಲ್ಲಿ ಉಳಿದರು. ತೊಗರಿ ಆಗಲೇ ಮಾರಿಯಾಗಿತ್ತು. ಕಲ್ಲಂಗಡಿ ಹಾಕಿದ ಪಕ್ಕದ ಹೊಲದವರು ಹಣ್ಣನ್ನು ದನಕ್ಕೆ ಹಾಕಿದರು. ಆ ಎರಡು ತಿಂಗಳು ಯಾರ ಮನೆಯಲ್ಲಿ ಚೀಲದ ಜೋಳ ಇತ್ತೋ ಆ ಮನೆಯವರು ಓಣಿಗೆ ಹಿಟ್ಟು ಕೊಟ್ಟರು. ನಮ್ಮ ಓಣಿಯಲ್ಲಿ ಅಂಥ ಮನೆ ಎರಡೇ ಇದ್ದವು. ಅದರಲ್ಲಿ ಒಂದು ಗಂಡ ಇಲ್ಲದ, ಒಂದೂವರೆ ಎಕರೆಯ ಹೆಂಗಸಿನದು. ಅವಳು ಹಟ ಹಿಡಿದು ಜೋಳ ಬಿತ್ತುತ್ತಾಳೆ ಅಂತ ಎಲ್ಲರೂ ನಗುತ್ತಿದ್ದರು. ನಮ್ಮ ಸಂಘ ಶುರುವಾದದ್ದೇ ಆಗ. ಅವಳ ಜೋಳ, ನಮ್ಮ ಕೈ.

ಖರೀದಿ ಕೇಂದ್ರದ ವಿಷಯಕ್ಕೆ ಬರುತ್ತೇನೆ, ಇದು ಮಾರುಕಟ್ಟೆ ಇಲಾಖೆಯವರು ಗಮನ ಕೊಟ್ಟು ಓದಬೇಕಾದ ಭಾಗ.

ಬೆಂಬಲ ಬೆಲೆ 2025-26ಕ್ಕೆ ತೊಗರಿಗೆ ಕ್ವಿಂಟಲ್‌ಗೆ 8,000. ಹೈಬ್ರಿಡ್ ಜೋಳಕ್ಕೆ 3,699, ಮಾಲ್ದಂಡಿ ಎಂಬ ಬಿಳಿ ಜೋಳಕ್ಕೆ 3,749. ಕಾಗದದ ಮೇಲೆ ಚೆನ್ನಾಗಿದೆ. ನಮ್ಮಲ್ಲಿ ರಾಶಿ ಡಿಸೆಂಬರ್ ಕೊನೆಗೆ ಶುರು. ರಾಶಿ ಯಂತ್ರದವನಿಗೆ ಅವತ್ತೇ ದುಡ್ಡು ಕೊಡಬೇಕು. ಬೀಜ, ಹೊಡೆಯುವ ಕೀಟನಾಶಕ ಉದ್ರಿ ಕೊಟ್ಟ ಅಡತಿ ಅಂಗಡಿಯವರು, ಅಂದರೆ ಕಾಳು ಕೊಳ್ಳುವ ದಲ್ಲಾಳಿಗಳು, ಮನೆಗೇ ಬರುತ್ತಾರೆ. ಜಾತ್ರೆ, ಮದುವೆ, ಮಗನ ಫೀ ಎಲ್ಲಾ ಅದೇ ತಿಂಗಳು. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ನಮ್ಮ ಚೀಲ ಖಾಲಿ. ಹೋದ ಸಲ ನಾವು ಹಟ ಮಾಡಿ ಆರು ಚೀಲ ಉಳಿಸಿಕೊಂಡಿದ್ದೆವು. ಟಂಟಂ ಬಾಡಿಗೆ ಮಾಡಿಕೊಂಡು ಕೇಂದ್ರಕ್ಕೆ ಹೋದೆ. ಸರದಿ ಉದ್ದ ಇತ್ತು. ರಾತ್ರಿ ಚೀಲದ ಮೇಲೇ ಮಲಗಿದೆ. ಬೆಳಿಗ್ಗೆ ಒಬ್ಬರು ಬಂದು ಕಾಳಿಗೆ ಯಂತ್ರ ಚುಚ್ಚಿದರು. ತೇವ 12ಕ್ಕಿಂತ ಸ್ವಲ್ಪ ಜಾಸ್ತಿ ಇದೆ, ಒಣಗಿಸಿ ತನ್ನಿ ಅಂದರು. ಎಲ್ಲಿ ಒಣಗಿಸಲಿ? ಅಲ್ಲಿ ಒಂದು ಕಟ್ಟೆಯೂ ಇರಲಿಲ್ಲ. ಡಾಂಬರು ರಸ್ತೆ ಬದಿಯಲ್ಲಿ ಸೀರೆ ಹಾಸಿ ಕಾಳು ಹರವಿ ಮಧ್ಯಾಹ್ನದವರೆಗೆ ಕಾಲಿಂದ ಹೊರಳಿಸಿದೆ. ಆಮೇಲೆ ಕೇಳಿದರು, ಹೊಲ ಯಾರ ಹೆಸರಲ್ಲಿದೆ? ಮಾವನ ಹೆಸರಲ್ಲಿ. ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ನಂಬರ್ ಅವರದ್ದು. ಹೆಬ್ಬೆಟ್ಟು ಅವರದೇ ಬೇಕು. ಮಾವನಿಗೆ ನಡೆಯಲು ಆಗುವುದಿಲ್ಲ. ಸಂಜೆ ಅದೇ ಟಂಟಂನಲ್ಲಿ ಅಡತಿಗೆ ಹೋಗಿ ಸಿಕ್ಕ ದರಕ್ಕೆ ಹಾಕಿ ಬಂದೆ.

ನನಗಾದರೂ ಮಾವನ ಹೆಸರಿದೆ. ಲಾವಣಿ ಹಾಕಿಕೊಂಡು, ಅಂದರೆ ಬೇರೆಯವರ ಹೊಲ ಗುತ್ತಿಗೆ ಹಿಡಿದು ಉಳುವವರಿಗೆ ಅದೂ ಇಲ್ಲ. ಅವರು ಬೆಳೆದ ತೊಗರಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಸತ್ತುಹೋದ ಅಜ್ಜನ ಹೆಸರಲ್ಲೇ ಪಹಣಿ ಇರುವ, ಪೌತಿ ಖಾತೆ ಆಗದ ಮನೆಗಳು ನಮ್ಮ ಊರಲ್ಲೇ ಎಷ್ಟೋ ಇವೆ. ನೆರೆ ಪರಿಹಾರಕ್ಕೂ ಅವರಿಗೆ ಇದೇ ಗೋಳು. ಎಲ್ಲರಿಗಿಂತ ಮೊದಲು ಸಹಾಯ ಬೇಕಾದವರ ಹೆಸರೇ ನಿಮ್ಮ ಕಂಪ್ಯೂಟರಿನಲ್ಲಿಲ್ಲ.

ಇದಕ್ಕೆ ನಾನು ಕಂಡ ದಾರಿ ಹೀಗಿದೆ. ಕಿಟ್‌ಗೆ ಬೇಕಾದ ತೊಗರಿಯನ್ನು ರಾಶಿ ಆಗುವ ಹೊತ್ತಿಗೇ, ಊರಿನ ಸೊಸೈಟಿಯಲ್ಲೇ ತೂಗಿಸಿಕೊಳ್ಳಿ. ಸಹಕಾರ ಸಂಘ, ರೈತ ಉತ್ಪಾದಕ ಕಂಪನಿ, ಹೆಣ್ಣುಮಕ್ಕಳ ಸಂಘಗಳ ಸಂಜೀವಿನಿ ಒಕ್ಕೂಟ, ಯಾವುದು ಆ ಊರಿನಲ್ಲಿ ಗಟ್ಟಿ ಇದೆಯೋ ಅದಕ್ಕೆ ಜವಾಬ್ದಾರಿ ಕೊಡಿ. ಎಲ್ಲಾ ಊರಿಗೂ ಒಂದೇ ನಮೂನೆ ಬೇಡ. ತೂಗಿದ ದಿನವೇ ಅರ್ಧ ಹಣ, ಉಳಿದದ್ದು ತಿಂಗಳೊಳಗೆ. ಆ ಅರ್ಧ ಹಣ ಇದ್ದರೆ ಸಾಕು, ನಾವು ಅಡತಿಯವರ ಮುಂದೆ ತಲೆ ತಗ್ಗಿಸುವುದಿಲ್ಲ. ಲಾವಣಿಯವರಿಗೆ ಗ್ರಾಮ ಪಂಚಾಯಿತಿಯ ಒಂದು ಚೀಟಿ ಸಾಕು ಎಂದು ಆದೇಶ ಮಾಡಿ. ಯಾರು ಯಾವ ಹೊಲ ಉಳುತ್ತಾರೆ ಅಂತ ಊರಿನಲ್ಲಿ ಗುಟ್ಟೇನಲ್ಲ. ಹೆಂಡತಿ, ಸೊಸೆ ಬಂದು ಮಾರಬಹುದು ಎಂದೂ ಅದರಲ್ಲೇ ಬರೆಯಿರಿ.

ಒಡೆಯುವ ಕೆಲಸ ಕಲಬುರಗಿಯಲ್ಲೇ ಆಗಲಿ. ಒಂದು ಕಾಲಕ್ಕೆ ನೂರಾರು ದಾಲ್ ಮಿಲ್ ಇದ್ದ ಊರು. ಎಷ್ಟೋ ಬಾಗಿಲು ಹಾಕಿವೆ. ಹಮಾಲರು, ಚೀಲ ಹೊಲಿಯುವ ಹೆಂಗಸರು ಕೆಲಸ ಕಳೆದುಕೊಂಡಿದ್ದಾರೆ. ಅವು ವರ್ಷಪೂರ್ತಿ ನಡೆಯಲು ಕಿಟ್ ಒಂದೇ ಸಾಕು. ಹಳ್ಳಿಯಲ್ಲಿ ಸಣ್ಣ ಗಿರಣಿಯೂ ಹಾಕಬಹುದು. ಅತ್ತೆ ಈಗಲೂ ಮನೆ ಬೇಳೆಯನ್ನು ತಾವೇ ಮಾಡುತ್ತಾರೆ. ತೊಗರಿ ನೆನೆಸಿ, ಕೆಮ್ಮಣ್ಣು ಕಲಸಿ, ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಬೀಸುಕಲ್ಲಿಗೆ ಹಾಕುತ್ತಾರೆ. ಆ ಬೇಳೆ ಕುದಿಯುವಾಗ ಬರುವ ವಾಸನೆ ಮೂರು ಮನೆ ಆಚೆಗೆ ಹೋಗುತ್ತದೆ. ಪಾಲಿಶ್ ಹೊಡೆದ ಬೇಳೆಗೆ ಅದಿಲ್ಲ. ಕಿಟ್‌ನ ಬೇಳೆ ಹೊಳೆಯದಿದ್ದರೂ ಪರವಾಗಿಲ್ಲ ಎಂದು ಟೆಂಡರಿನಲ್ಲೇ ಬರೆದುಬಿಡಿ.

ಇನ್ನು ಜೋಳ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ತೊಗರಿಯೊಂದನ್ನೇ ಕೊಂಡರೆ ನಾವು ಇನ್ನೂ ಜಾಸ್ತಿ ತೊಗರಿ ಬಿತ್ತುತ್ತೇವೆ. ಮತ್ತೆ ನೆಟೆ ಬರುತ್ತದೆ. ತೊಗರಿ ಕೊಳ್ಳುವಾಗ ಜೋಳವನ್ನೂ ಕೊಳ್ಳಬೇಕು. ಉತ್ತರದ ಜಿಲ್ಲೆಗಳ ರೇಷನ್ನಿನಲ್ಲಿ ಜೋಳ ಬಂದದ್ದುಂಟು. ಆದರೆ ಒಂದು ಕಡೆ ಕೊಂಡು, ದೂರದ ಗೋದಾಮಿನಲ್ಲಿಟ್ಟು, ತಿಂಗಳುಗಟ್ಟಲೆ ಕಳೆದು ವಾಪಸ್ ನಮ್ಮ ಊರಿಗೆ ಬರುವಷ್ಟರಲ್ಲಿ ಅದಕ್ಕೆ ನುಸಿ ಹಿಡಿದಿರುತ್ತದೆ. ಹಳೆಯ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ. ರೊಟ್ಟಿ ಬಡಿದರೆ ಅಂಚು ಬಿರಿಯುತ್ತದೆ, ಹಂಚಿಗೆ ಎತ್ತಿ ಹಾಕುವಾಗ ಕೈಯಲ್ಲೇ ಹರಿಯುತ್ತದೆ. ಆಮೇಲೆ ಜನ ರೇಷನ್ ಜೋಳ ತಿನ್ನುವುದಿಲ್ಲ ಅಂತ ವರದಿ ಬರೆಯುತ್ತಾರೆ. ಜನ ಜೋಳ ತಿನ್ನುತ್ತಾರೆ ಸ್ವಾಮಿ, ನುಸಿ ತಿನ್ನುವುದಿಲ್ಲ. ನಮ್ಮ ತಾಲೂಕಿನ ಜೋಳ ನಮ್ಮ ತಾಲೂಕಿನಲ್ಲೇ ಉಳಿದು, ನಮ್ಮ ರೇಷನ್ ಅಂಗಡಿಗೇ ಬಂದರೆ ಈ ತೊಂದರೆ ಅರ್ಧಕ್ಕರ್ಧ ಹೋಗುತ್ತದೆ. ಲಾರಿ ಬಾಡಿಗೆಯೂ ಉಳಿಯುತ್ತದೆ.

ದರದಲ್ಲೂ ಒಂದು ತೊಡಕಿದೆ. ಮಾಲ್ದಂಡಿಗೂ ಹೈಬ್ರಿಡ್‌ಗೂ ಬೆಂಬಲ ಬೆಲೆಯಲ್ಲಿ ಇರುವ ಅಂತರ ಬರೀ 50 ರೂಪಾಯಿ. ರೊಟ್ಟಿಗೆ ಬೇಕಾದದ್ದು ಮಾಲ್ದಂಡಿ ಬಿಳಿ ಜೋಳ. ಅದರ ಇಳುವರಿ ಕಡಿಮೆ, ಆದರೆ ಹಿಂಗಾರಿಯಲ್ಲಿ ಮಣ್ಣಿನ ತೇವದಲ್ಲೇ ಬೆಳೆದು ನಿಲ್ಲುತ್ತದೆ, ಕಣಿಕೆಯೂ ದನಕ್ಕೆ ಇಷ್ಟ. 50 ರೂಪಾಯಿಗೆ ಯಾರು ಅದನ್ನು ಕೇಂದ್ರಕ್ಕೆ ತರುತ್ತಾರೆ? ತೊಗರಿಗೆ 450 ಸೇರಿಸಿದ ಹಾಗೆ ಮಾಲ್ದಂಡಿಗೂ ರಾಜ್ಯದಿಂದ ಮೇಲೆ ಸೇರಿಸಿ ಕೊಡಿ.

ಇದನ್ನು ಮಾಡಿ ತೋರಿಸಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಬೀದರ್ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ಸೇರಿ ದಲಿತ ಹೆಣ್ಣುಮಕ್ಕಳು 1990ರ ದಶಕದ ನಡುವೆ ಒಂದು ಕೆಲಸ ಶುರು ಮಾಡಿದರು. ಬೀಳುಬಿದ್ದ ಹೊಲಗಳನ್ನು ಹದ ಮಾಡಿ ಜೋಳ ಬೆಳೆದರು. ಹೊಲ ಹದ ಮಾಡಲು ತೆಗೆದುಕೊಂಡ ಸಾಲವನ್ನು ದುಡ್ಡಿನ ಬದಲು ಜೋಳದಲ್ಲೇ ತೀರಿಸಿದರು. ಆ ಜೋಳವನ್ನು ಊರಲ್ಲೇ ಕೂಡಿಟ್ಟು, ಕೂಲಿ ಸಿಗದ ತಿಂಗಳುಗಳಲ್ಲಿ ಬಡ ಮನೆಗಳಿಗೆ ಕಡಿಮೆ ದರಕ್ಕೆ ಕೊಟ್ಟರು. ಯಾರು ಬಡವರು ಅಂತ ಊರಿನವರೇ ಕೂತು ತೀರ್ಮಾನಿಸಿದರು. ಬೀಜವನ್ನೂ ಹಾಗೇ ಉಳಿಸಿಕೊಂಡರು. 2019ರಲ್ಲಿ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಅವರ ಮಣ್ಣೂ ನಮ್ಮ ಮಣ್ಣೂ ದೂರವೇನಿಲ್ಲ. ಒಡಿಶಾ ಸರ್ಕಾರ 2017ರಲ್ಲಿ ಸಿರಿಧಾನ್ಯ ಮಿಷನ್ ಶುರು ಮಾಡಿ ಬುಡಕಟ್ಟು ಜಿಲ್ಲೆಗಳ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ರೇಷನ್ನಿಗೂ ಅಂಗನವಾಡಿಗೂ ಕೊಟ್ಟಿದೆ. ಒಂದು ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲೂ ಶುರುವಾಗಿದೆ. 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಜಿಲ್ಲಾಡಳಿತ ಹೆಣ್ಣುಮಕ್ಕಳ ಸಂಘಗಳ ರೊಟ್ಟಿಗೆ ಮಾರುಕಟ್ಟೆ ಹುಡುಕಿಕೊಟ್ಟಿದೆ. ನಮ್ಮ ಸಂಘದ ಹುಡುಗಿಯೊಬ್ಬಳು ಬೆಂಗಳೂರಿಗೆ ಹೋಗುವ ಡಬ್ಬಿಗೆ ರೊಟ್ಟಿ ತುಂಬುವಾಗ "ಅಕ್ಕಾ, ನಮ್ಮ ಊರಿನ ಅಂಗನವಾಡಿ ಕೂಸಿಗೆ ಇದು ಯಾಕ ಇಲ್ರೀ?" ಅಂತ ಕೇಳಿದಳು. ನಾನು ಉತ್ತರ ಕೊಡಲಿಲ್ಲ, ಗೊತ್ತಿರಲಿಲ್ಲ. ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನಮ್ಮ ಕಡೆ ಅದಕ್ಕಿಂತ ಜಾಸ್ತಿ. ಆ ಹುಡುಗಿಯ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಅಂಗನವಾಡಿಗೆ, ಶಾಲೆಗೆ, ಹಾಸ್ಟೆಲಿಗೆ ವಾರಕ್ಕೆ ಎರಡು ದಿನ ರೊಟ್ಟಿ, ಪುಂಡಿಪಲ್ಯ, ಬೇಳೆ. ಮಾಡಿಕೊಡಲು ಪ್ರತಿ ಊರಲ್ಲೂ ನಮ್ಮಂಥ ಸಂಘ ಇದೆ. ರೊಟ್ಟಿ ಬಡಿಯುವ ಒಂದು ಯಂತ್ರ ಕೊಡಿಸಿದರೆ ನಮ್ಮ ರಟ್ಟೆಯೂ ಉಳಿಯುತ್ತದೆ.

ಸಂತೆಯ ಬಗ್ಗೆ ಎರಡು ಮಾತು. ದೊಡ್ಡ ಮಾರುಕಟ್ಟೆ, ಆನ್‌ಲೈನ್ ಮಾರುಕಟ್ಟೆ ಅಂತ ಏನೇನೋ ಆಗಿದೆ, ಆಗಲಿ. ಆದರೆ ಹತ್ತು ಕಟ್ಟು ಮೆಂತ್ಯ, ಒಂದು ಬುಟ್ಟಿ ಬದನೆಕಾಯಿ, ನಾಲ್ಕು ಸೇರು ಹೆಸರು ಇರುವ ಹೆಂಗಸಿಗೆ ವಾರದ ಸಂತೆಯೇ ಎಪಿಎಂಸಿ. ನಮ್ಮ ಹೋಬಳಿಯ ಸಂತೆ ಬಟಾಬಯಲಿನಲ್ಲಿ ಸೇರುತ್ತದೆ. ಏಪ್ರಿಲ್‌ನಲ್ಲಿ ಬಿಸಿಲು 42 ಡಿಗ್ರಿ. ಸೊಪ್ಪು ಹನ್ನೊಂದು ಗಂಟೆಗೇ ಬಾಡುತ್ತದೆ, ಬಾಡಿದ ಮೇಲೆ ಕೇಳಿದ ದರಕ್ಕೆ ಕೊಡಬೇಕು. ಕುಡಿಯಲು ನೀರಿಲ್ಲ. ಶೌಚಾಲಯ ಇಲ್ಲ, ಅದಕ್ಕೆ ಹೆಂಗಸರು ಬೆಳಗಿಂದ ನೀರೇ ಕುಡಿಯುವುದಿಲ್ಲ. ಸಂತೆ ಕರ ವಸೂಲಿ ಮಾಡುವವನು ಮಾತ್ರ ತಪ್ಪದೆ ಬರುತ್ತಾನೆ. ಒಂದು ದಿನ ನನ್ನ ಪಕ್ಕ ಕೂತಿದ್ದ ಮುದುಕಿ ಇನ್ನೂ ಬೋಣಿಯೇ ಆಗಿಲ್ಲಪ್ಪ ಅಂದರೂ ಬಿಡದೆ ಎರಡು ಕಟ್ಟು ಪುಂಡಿ ಎತ್ತಿಕೊಂಡು ಹೋದ. ಉದ್ಯೋಗ ಖಾತ್ರಿಯಲ್ಲಿ ಸಂತೆ ಕಟ್ಟೆ ಕಟ್ಟಿಸಿದ ಪಂಚಾಯಿತಿಗಳಿವೆ. ನಮ್ಮಲ್ಲೂ ಆಗಲಿ. ಮೇಲೆ ತಗಡು, ಒಂದು ನಲ್ಲಿ, ಎರಡು ಶೌಚಾಲಯ, ಒಂದು ಸರಿಯಾದ ತಕ್ಕಡಿ. ಬುಟ್ಟಿ ಇಟ್ಟುಕೊಂಡು ಮಾರುವವರಿಗೆ ಕರ ಬೇಡ.

ನಾನು ಕೇಳಿದ್ದರಲ್ಲಿ ಹೊಸ ಯೋಜನೆ ಒಂದೂ ಇಲ್ಲ. ಕಿಟ್ ನಿಮ್ಮದೇ, ಖರೀದಿ ನಿಮ್ಮದೇ, ಅಂಗನವಾಡಿ, ಹಾಸ್ಟೆಲ್, ಸೊಸೈಟಿ, ಗೋದಾಮು ಎಲ್ಲಾ ಇವೆ. ಹಣವೂ ಆಗಲೇ ಇಟ್ಟಿದ್ದೀರಿ. ಆ ಹಣ ಒಂದು ಸಲ ನಮ್ಮ ಹೊಲದ ಮೇಲೆ ಹಾದು ಹೋಗಲಿ ಅನ್ನುವುದಷ್ಟೇ ನಮ್ಮ ಬೇಡಿಕೆ.

ಈಗ ನಮ್ಮ ಮೇಲಿನ ಎರಡು ಎಕರೆಯಲ್ಲಿ ತೊಗರಿ ಹೂವು ಬಿಟ್ಟಿದೆ. ಕೆಳಗಿನ ಎರಡು ಎಕರೆ, ನೀರು ನಿಂತು ಸತ್ತದ್ದನ್ನು ಕಿತ್ತು ಹಾಕಿ ಈ ಸಲ ಮಾಲ್ದಂಡಿ ಬಿತ್ತಿದ್ದೇವೆ. ಬೀಜ ಆ ಒಂದೂವರೆ ಎಕರೆಯವಳು ಕೊಟ್ಟಳು, ರಾಶಿಯಾದ ಮೇಲೆ ಒಂದಕ್ಕೆ ಎರಡು ಸೇರು ವಾಪಸ್ ಕೊಡುವ ಮಾತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಅಡುಗೆಯ ಎಡೆಯಾಗಿ ಚರಗ ಚೆಲ್ಲುತ್ತೇವೆ. ಅದಾಗಿ ಎರಡು ವಾರಕ್ಕೆ ತೊಗರಿ ರಾಶಿ. ನಿಮ್ಮ ಆದೇಶ ಅಷ್ಟರೊಳಗೆ ಬಂದರೆ ಈ ವರ್ಷವೇ ಕೆಲಸಕ್ಕೆ ಬರುತ್ತದೆ. ಫೆಬ್ರವರಿಯಲ್ಲಿ ಬಂದರೆ ಅಡತಿಯವರ ಗೋದಾಮಿಗೆ ಹೋಗಿ ಓದಬೇಕಾಗುತ್ತದೆ, ತೊಗರಿ ಅಲ್ಲಿರುತ್ತದೆ.

ನಿಮ್ಮವಳು,
ಜೇವರ್ಗಿ ತಾಲೂಕಿನ ಒಬ್ಬ ರೈತ ಮಹಿಳೆ